ವಾಂಗ್ ಬಿಂಗ್‌ಯು: ಒಂದು ಚಿನ್ನ, ಒಂದು ಕಂಚು, ಆಮೇಲೆ?

ಹೊಸನೋಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕರ್ಲಿಂಗ್ ನೋಡಲು ಆರಂಭಿಸಿದ್ದು 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ. ಮೊದಲ ದಿನ ‘ಒಬ್ಬರು ಕಲ್ಲು ಜಾರಿಸುತ್ತಾರೆ, ಇಬ್ಬರು ಅದರ ಮುಂದೆ ನೆಲ ಗುಡಿಸುತ್ತಾ ಓಡುತ್ತಾರೆ, ಇದೂ ಒಂದು ಆಟವೇ’ ಎಂದು ನಕ್ಕವಳು ನಾನೇ. ಮೂರನೆಯ ದಿನದ ಹೊತ್ತಿಗೆ ಒಲೆಯ ಮೇಲಿಟ್ಟ ಹಾಲು ಮರೆತು ಟಿವಿ ಮುಂದೆ ನಿಂತಿದ್ದೆ.

ಈಗ ಹಳೆಯ ಫಲಿತಾಂಶಗಳನ್ನು ಹುಡುಕಿ ಓದುತ್ತಿದ್ದೇನೆ. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಕೆನಡಾ, ಸ್ವೀಡನ್, ಕೆನಡಾ, ಸ್ವೀಡನ್ ಎಂದು ಕಣ್ಣು ಇಳಿಯುತ್ತಾ ಹೋದಾಗ 2009ರಲ್ಲಿ ಇದ್ದಕ್ಕಿದ್ದಂತೆ ‘ಚೀನಾ’ ಎಂದಿದೆ. ಸ್ಕಿಪ್, ಅಂದರೆ ತಂಡದ ನಾಯಕಿ, ವಾಂಗ್ ಬಿಂಗ್‌ಯು. ಮರುವರ್ಷ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಕಂಚು. ನಂತರ 2014ರ ಸೋಚಿಯಲ್ಲಿ ಏಳನೆಯ ಸ್ಥಾನ, 2018ರ ಪ್ಯೊಂಗ್‌ಚಾಂಗ್‌ನಲ್ಲಿ ಐದನೆಯ ಸ್ಥಾನ. ಅಷ್ಟೇ.

ನನ್ನ ಜೊತೆ ಪಂದ್ಯ ನೋಡುವ ಗೆಳತಿಯ ವಾದ ಹೀಗಿದೆ: ‘ಅದು ಅದೃಷ್ಟ. ಒಂದು ವಾರ ಕಲ್ಲುಗಳು ಅವರ ಮಾತು ಕೇಳಿದವು. ಜೊತೆಗೆ ಚೀನಾದವರು ದಿನವಿಡೀ ಅಭ್ಯಾಸ ಮಾಡುವ ಪೂರ್ಣಾವಧಿ ಆಟಗಾರರು, ಎದುರಿಗಿದ್ದವರು ನೌಕರಿ ಮಾಡಿಕೊಂಡು ಆಡುವವರು. ಆದರೂ ಒಮ್ಮೆ ಮಾತ್ರ ಗೆದ್ದರು.’ ನನಗೆ ಇದು ಅನ್ಯಾಯದ ಮಾತು ಅನ್ನಿಸುತ್ತದೆ, ಆದರೆ ಪ್ರತಿವಾದ ಹೂಡುವಷ್ಟು ಆಟ ಗೊತ್ತಿಲ್ಲ. 25ನೆಯ ವಯಸ್ಸಿಗೆ ಶಿಖರ ಮುಟ್ಟಿ ಮುಂದಿನ ಎಂಟು ವರ್ಷ ಇಳಿಯುತ್ತಲೇ ಹೋದ ಆಟಗಾರ್ತಿಯೇ ಇವರು? ಬಲ್ಲವರು ದಯವಿಟ್ಟು ವಿವರಿಸಿ.

ಕೊನೆಯಕಲ್ಲು:

ಅದೃಷ್ಟ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನಗೆ ಸಿಟ್ಟು ಬಂದದ್ದು ಅಲ್ಲೇ. ಮೊದಲೇ ಹೇಳಿಬಿಡುತ್ತೇನೆ, ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದವಳು. 2010ರಿಂದ ಕರ್ಲಿಂಗ್ ಪಂದ್ಯಗಳನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಕೊನೆಯ ಕಲ್ಲು ಯಾರ ಕೈಯಲ್ಲಿತ್ತೋ ಅವರ ಹೆಸರು ನೀಲಿ ಶಾಯಿಯಲ್ಲಿ, ಆ ಅನುಕೂಲವಿಲ್ಲದೆಯೂ ಅಂಕ ಕದ್ದವರ ಹೆಸರು ಕೆಂಪಿನಲ್ಲಿ. ನಾಲ್ಕು ಪುಸ್ತಕ ತುಂಬಿವೆ. ಹಾಗಾಗಿ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ನಿಮ್ಮ ಗೆಳತಿಗೆ ಈ ನಾಲ್ಕು ಸಾಲು ತೋರಿಸಿ. 2008, ಕೆನಡಾದ ವರ್ನನ್: ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ. 2009, ಕೊರಿಯಾದ ಗಾಂಗ್‌ನುಂಗ್: ಚಿನ್ನ. 2010, ವ್ಯಾಂಕೂವರ್: ಒಲಿಂಪಿಕ್ ಕಂಚು. 2011, ಡೆನ್ಮಾರ್ಕ್‌ನ ಎಸ್‌ಬಿಯರ್: ವಿಶ್ವ ಚಾಂಪಿಯನ್‌ಷಿಪ್ ಕಂಚು. ನಾಲ್ಕು ವರ್ಷಗಳಲ್ಲಿ ನಾಲ್ಕು ಪದಕ, ನಾಲ್ಕು ಬೇರೆ ಬೇರೆ ಊರುಗಳ ಮಂಜಿನ ಮೇಲೆ. ನಾಣ್ಯ ಸತತ ನಾಲ್ಕು ಸಲ ನಮ್ಮ ಕಡೆಗೇ ಬಿದ್ದರೆ ನಾವು ನಾಣ್ಯವನ್ನು ತಿರುಗಿಸಿ ನೋಡುತ್ತೇವೆ. ಇಲ್ಲಿ ತಿರುಗಿಸಿ ನೋಡಿದರೆ ಕಾಣುವುದು ವಾಂಗ್ ಬಿಂಗ್‌ಯು, ಲಿಯು ಯಿನ್, ಯುಯೆ ಚಿಂಗ್‌ಶುವಾಂಗ್, ಝೌ ಯಾನ್ ಎಂಬ ನಾಲ್ವರು.

ಇನ್ನು 2009ರ ಫೈನಲ್‌ನಲ್ಲಿ ಎದುರಾಳಿ ಯಾರು? ಸ್ವೀಡನ್‌ನ ಅನೆಟ್ ನೂರ್ಬರಿ. 2006ರ ಟುರಿನ್ ಒಲಿಂಪಿಕ್ಸ್‌ನ ಚಿನ್ನ ಅವರದು, 2010ರ ವ್ಯಾಂಕೂವರ್ ಚಿನ್ನವೂ ಅವರದೇ. ಅಂದರೆ ಎರಡು ಒಲಿಂಪಿಕ್ ಚಿನ್ನಗಳ ಸರಿಯಾಗಿ ನಡುವೆ ನಿಂತಿದ್ದ ನೂರ್ಬರಿಯನ್ನು ಈ ಹುಡುಗಿಯರು 8-6ರಿಂದ ಸೋಲಿಸಿದರು. ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಮೊದಲ ಏಷ್ಯಾದ ತಂಡ ಅದು. ಮರುವರ್ಷದ ಒಲಿಂಪಿಕ್ ಕಂಚು ಕೂಡ ಕರ್ಲಿಂಗ್‌ನಲ್ಲಿ ಏಷ್ಯಾಕ್ಕೆ ಬಂದ ಮೊದಲ ಒಲಿಂಪಿಕ್ ಪದಕ.

ಈಗ ಸ್ಕಿಪ್ ಎಂದರೇನು ಎಂಬುದಕ್ಕೆ ಬರುತ್ತೇನೆ, ಇದು ತಿಳಿಯದೆ ಮುಂದಿನ ಕಥೆ ಹಿಡಿಯುವುದಿಲ್ಲ. ಸುಮಾರು 45 ಮೀಟರ್ ಉದ್ದದ ಮಂಜಿನ ಪಟ್ಟಿ. ಇಪ್ಪತ್ತು ಕಿಲೋಗೆ ಸ್ವಲ್ಪ ಕಡಿಮೆ ತೂಗುವ ಗ್ರಾನೈಟ್ ಕಲ್ಲು. ಆಚೆ ತುದಿಯ ವೃತ್ತದ ನಡುವಿಗೆ ಹತ್ತಿರ ಕಲ್ಲು ನಿಲ್ಲಿಸಿದ ತಂಡಕ್ಕೆ ಅಂಕ. ಒಂದು ಎಂಡ್‌ಗೆ, ಅಂದರೆ ಆಟದ ಒಂದು ಸುತ್ತಿಗೆ, ಒಂದು ತಂಡದ ಪಾಲಿಗೆ ಎಂಟು ಕಲ್ಲು, ನಾಲ್ವರಿಗೂ ಎರಡೆರಡು. ಮೊದಲ ಎರಡನ್ನು ಲೀಡ್ ಹಾಕುತ್ತಾರೆ, ಕೊನೆಯ ಎರಡನ್ನು ಸ್ಕಿಪ್. ಉಳಿದ ಆರು ಕಲ್ಲುಗಳಾಗುವವರೆಗೆ ಸ್ಕಿಪ್ ಆಚೆ ತುದಿಯಲ್ಲಿ ನಿಂತು, ಕಲ್ಲು ಯಾವ ಗೆರೆಯಲ್ಲಿ ಬರಬೇಕೆಂದು ಬ್ರಷ್ ಹಿಡಿದು ತೋರಿಸಿ, ಗುಡಿಸುವವರಿಗೆ ಗಂಟಲು ಹರಿದುಹೋಗುವಂತೆ ಕೂಗುತ್ತಾರೆ. ತಂಡದ ಯೋಚನೆಯೂ ಅವರದು, ಕೊನೆಯ ಏಟೂ ಅವರದು. ಉಳಿದವರು ತಪ್ಪಿದರೆ ಸರಿಪಡಿಸಲು ಹಿಂದೆ ಇನ್ನೊಬ್ಬರಿದ್ದಾರೆ. ಸ್ಕಿಪ್‌ನ ಹಿಂದೆ ಯಾರೂ ಇಲ್ಲ.

2010ರ ಒಲಿಂಪಿಕ್ ಫೈನಲ್ಲನ್ನೇ ನೋಡಿ. ಹೆಚ್ಚುವರಿ ಎಂಡ್‌ನಲ್ಲಿ ಕೊನೆಯ ಕಲ್ಲಿನ ಹಕ್ಕು ಕೆನಡಾದ ಚೆರಿಲ್ ಬರ್ನಾರ್ಡ್ ಅವರ ಕೈಯಲ್ಲಿತ್ತು. ಆ ಕಲ್ಲು ಕೆಲಸ ಮಾಡಲಿಲ್ಲ, 7-6ರಿಂದ ನೂರ್ಬರಿ ಗೆದ್ದರು. ಇಬ್ಬರಿಗೂ ಆಗ 43 ವರ್ಷ. ಅದೇ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ 25ರ ಬಿಂಗ್‌ಯು ಎದುರು ನಿಂತದ್ದು ಸ್ವಿಟ್ಜರ್‌ಲೆಂಡ್‌ನ ಮಿರಿಯಮ್ ಒಟ್. ಅದಾಗಲೇ ಅವರ ಬಳಿ 2002 ಮತ್ತು 2006ರ ಎರಡು ಒಲಿಂಪಿಕ್ ಬೆಳ್ಳಿಗಳಿದ್ದವು. ಸ್ಕೋರ್ 12-6. ಕರ್ಲಿಂಗ್‌ನಲ್ಲಿ 12 ಅಂಕ ಎಂದರೆ ಎದುರಾಳಿಯ ಮನೆಗೆ ನುಗ್ಗಿ ಪಾತ್ರೆ ಪಗಡೆಗಳನ್ನೂ ಬಿಡದೆ ಹೊತ್ತು ತಂದಂತೆ. ನಾನು ಪೂರ್ತಿ ಬರೆದಿಟ್ಟ ಮೊದಲ ಪಂದ್ಯ ಅದು. ಆಗಿನ್ನೂ ನನಗೆ ನಿಯಮ ಸರಿಯಾಗಿ ತಿಳಿಯದೆ ಮೂರು ಕಡೆ ಹೊಡೆದು ತಿದ್ದಿದ್ದೇನೆ.

ಪೂರ್ಣಾವಧಿ ಆಟಗಾರರು ಎಂಬ ಮಾತು ಸುಳ್ಳಲ್ಲ. ನೂರ್ಬರಿ ವಿಮಾ ಕ್ಷೇತ್ರದ ಲೆಕ್ಕತಜ್ಞೆ, ಬರ್ನಾರ್ಡ್ ಕೂಡ ವಿಮೆಯ ವ್ಯವಹಾರದಲ್ಲಿದ್ದವರು. (ಅಪಾಯವನ್ನು ಅಳೆಯುವವರೇ ಈ ಆಟಕ್ಕೆ ಏಕೆ ಬರುತ್ತಾರೆಂದು ನಾನು ಬಹಳ ಸಲ ಯೋಚಿಸಿದ್ದೇನೆ.) ಚೀನಾದ ಹುಡುಗಿಯರಿಗೆ ಆಟವೇ ನೌಕರಿ. ಆದರೆ ಈ ವಾದದ ಇನ್ನೊಂದು ಮಗ್ಗುಲು ನೋಡಿ. ಕೆನಡಾದಲ್ಲಿ ಅಜ್ಜಿಯೂ ಕರ್ಲಿಂಗ್ ಆಡಿದವಳು. ಮಗು ನಡೆಯಲು ಕಲಿಯುವ ಹೊತ್ತಿಗೆ ಊರಿನ ಕ್ಲಬ್ಬಿನಲ್ಲಿ ಜಾರಲು ಕಲಿಯುತ್ತದೆ. ಚೀನಾಕ್ಕೆ ಈ ಆಟ ಕಾಲಿಟ್ಟದ್ದೇ ತೊಂಬತ್ತರ ದಶಕದ ನಡುಭಾಗದಲ್ಲಿ. ಬಿಂಗ್‌ಯು ಹುಟ್ಟಿದ್ದು 1984ರಲ್ಲಿ, ಹೆಯ್‌ಲಾಂಗ್‌ಜಿಯಾಂಗ್ ಪ್ರಾಂತ್ಯದ ಹಾರ್ಬಿನ್‌ನಲ್ಲಿ. ಅವರು ಚಿಕ್ಕವರಿದ್ದಾಗ ಆ ಊರಿನಲ್ಲಿ ಕರ್ಲಿಂಗ್ ಎಂಬ ಆಟವೇ ಇರಲಿಲ್ಲ.

ಹಾರ್ಬಿನ್‌ನಲ್ಲಿ ಚಳಿಗೆ ಬರವಿಲ್ಲ. ಸೋಂಗ್‌ಹುವಾ ನದಿ ಹೆಪ್ಪುಗಟ್ಟುತ್ತದೆ, ಆ ಮಂಜನ್ನೇ ಕತ್ತರಿಸಿ ಅರಮನೆ ಗೋಪುರಗಳನ್ನು ಕಟ್ಟಿ ದೀಪ ಹಚ್ಚಿ ಹಬ್ಬ ಮಾಡುತ್ತಾರೆ. ಆದರೆ ನದಿಯ ಮಂಜು ಕರ್ಲಿಂಗ್‌ಗೆ ಕವಡೆ ಕಾಸಿನ ಪ್ರಯೋಜನಕ್ಕೂ ಬಾರದು. ಈ ಆಟಕ್ಕೆ ಸಮತಟ್ಟಾದ ಮಂಜಿನ ಮೇಲೆ ನೀರಿನ ಸಣ್ಣ ಹನಿಗಳನ್ನು ಸಿಂಪಡಿಸಿ, ಅವು ಗಟ್ಟಿಯಾಗಿ ಗುಳ್ಳೆಗಳಂತೆ ನಿಲ್ಲುವಂತೆ ಮಾಡಬೇಕು. ಕಲ್ಲು ಓಡುವುದು ಆ ಗುಳ್ಳೆಗಳ ತಲೆಯ ಮೇಲೆ. ಗುಡಿಸಿದಾಗ ಮೇಲ್ಮೈ ತುಸು ಬಿಸಿಯಾಗಿ ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಹೊರಳುವುದು ಕಡಿಮೆಯಾಗುತ್ತದೆ. ಪಂದ್ಯ ಸಾಗಿದಂತೆ ಗುಳ್ಳೆಗಳು ಸವೆಯುತ್ತವೆ. ಮೂರನೆಯ ಎಂಡ್‌ನಲ್ಲಿ ಒಂದು ಮೊಳ ಹೊರಳಿದ ಕಲ್ಲು ಒಂಬತ್ತನೆಯದರಲ್ಲಿ ಬೇರೆಯೇ ವರ್ತನೆ ತೋರುತ್ತದೆ. ಇದನ್ನು ಓದುವ ಕಣ್ಣು ಸಂಬಳ ಕೊಟ್ಟರೆ ಬರುವಂಥದ್ದಲ್ಲ. ಅದಕ್ಕೇ ಚೀನಾ ತಂಡ ಕೆನಡಾದ ಎಡ್ಮಂಟನ್‌ಗೆ ಹೋಗಿ ಅಲ್ಲಿನ ಕ್ಲಬ್ ತಂಡಗಳ ಎದುರು ಆಡಿ ಆಡಿ ಕಲಿಯಿತು. ಡ್ಯಾನಿಯೆಲ್ ರಫಾಯೆಲ್ ಎಂಬ ಕೆನಡಾದವರು ಅವರಿಗೆ ಕೋಚ್ ಆದರು. ಮೂರು ತಲೆಮಾರಿನ ಅನುಭವವನ್ನು ಕೆಲವೇ ಚಳಿಗಾಲಗಳಲ್ಲಿ ಅರಗಿಸಿಕೊಳ್ಳುವುದನ್ನು ‘ದಿನವಿಡೀ ಅಭ್ಯಾಸ’ ಎಂದು ತೇಲಿಸಿಬಿಡುವುದು ಸುಲಭ.

ನಂತರದ ವರ್ಷಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಕನ್ನಡಕ ಎಲ್ಲೋ ಇಟ್ಟಿದ್ದೇನೆ.

ಅಂಕಪಟ್ಟಿ:

ಮೇಡಂ ಅವರ ಬರಹವನ್ನು ನಾನು ಯಾವಾಗಲೂ ಗೌರವದಿಂದ ಓದುತ್ತೇನೆ. ಆದರೆ ಅವರು ಜಾಣತನದಿಂದ 2011ಕ್ಕೆ ಪುಸ್ತಕ ಮುಚ್ಚಿದ್ದಾರೆ. ಪ್ರಶ್ನೆ ಇದ್ದದ್ದು ‘ಆಮೇಲೆ’ ಎಂಬುದರ ಬಗ್ಗೆ.

ಸೋಚಿಯಲ್ಲಿ ನಾಲ್ಕು ಗೆಲುವು, ಐದು ಸೋಲು, ಏಳನೆಯ ಸ್ಥಾನ. ತಂಡದಲ್ಲಿ ಯಾರಿದ್ದರು? ಅದೇ ಬಿಂಗ್‌ಯು, ಅದೇ ಲಿಯು ಯಿನ್, ಅದೇ ಯುಯೆ, ಅದೇ ಝೌ ಯಾನ್. ಬದಲಾದದ್ದು ಮೀಸಲು ಆಟಗಾರ್ತಿಯೊಬ್ಬರು ಮಾತ್ರ. ನಾಲ್ಕು ವರ್ಷಗಳ ಹಿಂದೆ ಪದಕ ಗೆದ್ದ ಅದೇ ಕೈಗಳು ಈ ಸಲ ಪ್ಲೇ ಆಫ್ ಕೂಡ ಮುಟ್ಟಲಿಲ್ಲ. ವಯಸ್ಸಾಯಿತೆಂಬ ನೆಪವೂ ಇಲ್ಲ, ಆಗ ಬಿಂಗ್‌ಯು ಅವರಿಗೆ ಮೂವತ್ತೂ ತುಂಬಿರಲಿಲ್ಲ, ಈ ಆಟದಲ್ಲಿ ಅದು ಎಳೆಯ ವಯಸ್ಸು. ಇನ್ನೊಂದು ಕಡೆ ನೋಡಿ, ಅದೇ ಸೋಚಿಯಲ್ಲಿ ಚೀನಾದ ಪುರುಷರ ತಂಡ ಲಿಯು ರೂಯ್ ನಾಯಕತ್ವದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ಹಾಗಾಗಿ ಒಟ್ಟಾರೆ ವ್ಯವಸ್ಥೆಯನ್ನು ದೂರುವಂತೆಯೂ ಇಲ್ಲ.

ನನ್ನ ಲೆಕ್ಕ ಸರಳ. ಒಂದು ತಂಡವನ್ನು ಎಲ್ಲರಿಗಿಂತ ಮೊದಲು ಕಟ್ಟಿ, ಎಲ್ಲರಿಗಿಂತ ಹೆಚ್ಚು ಹೊತ್ತು ಅಭ್ಯಾಸ ಮಾಡಿಸಿ, ಉಳಿದವರು ಎಚ್ಚರಗೊಳ್ಳುವ ಮೊದಲೇ ಪದಕ ಗಿಟ್ಟಿಸಿದರು. ಉಳಿದವರು ಎಚ್ಚರಗೊಂಡರು. ಕಥೆ ಮುಗಿಯಿತು. ಇದರಲ್ಲಿ ಬಿಂಗ್‌ಯು ಅವರ ಅವಮಾನವೇನೂ ಇಲ್ಲ, ಆದರೆ ಅವರನ್ನು ನೂರ್ಬರಿ, ಜೋನ್ಸ್ ಸಾಲಿನಲ್ಲಿ ಕೂರಿಸುವುದು ಅತಿಯಾಯಿತು. ಕೆನಡಾದ ಜೆನಿಫರ್ ಜೋನ್ಸ್ 2008ರಲ್ಲಿ ವರ್ನನ್ ಫೈನಲ್‌ನಲ್ಲಿ ಇವರನ್ನು ಸೋಲಿಸಿದರು. ಆರು ವರ್ಷದ ನಂತರ ಸೋಚಿಯಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದರು. ದೀರ್ಘ ಬಾಳಿಕೆ ಎಂದರೆ ಅದು.

ಕೊನೆಯಕಲ್ಲು:

ಕನ್ನಡಕ ಸಿಕ್ಕಿತು. ಅಂಕಪಟ್ಟಿ ಅವರೇ, ‘ಜಾಣತನದಿಂದ’ ಎಂಬ ಪದವನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತೇನೆ.

ನೀವು ಹೇಳಿದ ‘ಉಳಿದವರು ಎಚ್ಚರಗೊಂಡರು’ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನನ್ನ ಮಟ್ಟಿಗೆ ಈಕೆಯ ಆಟದ ಬದುಕಿನಲ್ಲಿ ನೋಡಬೇಕಾದದ್ದು 2009ನೆಯ ಇಸವಿಯೇ ಅಲ್ಲ, 2017.

ಸೋಚಿಯ ನಂತರ ಬಿಂಗ್‌ಯು ಕೆಲ ಕಾಲ ಬದಿಗೆ ಸರಿದರು, ಚೀನಾಕ್ಕೆ ಬೇರೆ ಸ್ಕಿಪ್ ಬಂದರು. 2016ರಲ್ಲಿ ಚೀನಾದ ಮಹಿಳೆಯರು ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಆ ವರ್ಷ ಅಲ್ಲಿ ಬೆಳ್ಳಿ ಗೆದ್ದದ್ದು ಯಾರು ಗೊತ್ತೇ? ಜಪಾನ್. ನೆರೆಮನೆಯವರು ಎಚ್ಚರಗೊಂಡಿದ್ದರು, ನಿಜ. ಇಂಥ ಹೊತ್ತಿನಲ್ಲಿ ಬಿಂಗ್‌ಯು ಮರಳಿ ಬಂದರು. 2017ರ ಫೆಬ್ರವರಿಯಲ್ಲಿ ಜಪಾನಿನ ಸಪ್ಪೊರೊದಲ್ಲಿ ಏಷ್ಯನ್ ಚಳಿಗಾಲದ ಕ್ರೀಡಾಕೂಟ, ಫೈನಲ್‌ನಲ್ಲಿ ಕೊರಿಯಾವನ್ನು ಸೋಲಿಸಿ ಚಿನ್ನ. ಅದಾದ ಮೇಲೆ ವಿಶ್ವ ಚಾಂಪಿಯನ್‌ಷಿಪ್ ಬೀಜಿಂಗ್‌ನಲ್ಲೇ ನಡೆಯಿತು. ಸ್ವಂತ ಪ್ರೇಕ್ಷಕರ ಎದುರು ಚೀನಾ ಪ್ಲೇ ಆಫ್‌ಗೆ ಬರಲಿಲ್ಲ.

ಪರಿಣಾಮ ಏನೆಂದರೆ ಒಲಿಂಪಿಕ್ಸ್‌ಗೆ ನೇರ ಪ್ರವೇಶವಿಲ್ಲ. ಲೆಕ್ಕ ಹೀಗಿತ್ತು: ಒಟ್ಟು ಹತ್ತು ತಂಡ. ಆತಿಥೇಯ ಕೊರಿಯಾಕ್ಕೆ ಒಂದು ಸ್ಥಾನ, 2016 ಮತ್ತು 2017ರ ವಿಶ್ವ ಚಾಂಪಿಯನ್‌ಷಿಪ್ ಅಂಕಗಳ ಮೇಲೆ ಏಳು ಸ್ಥಾನ, ಉಳಿದ ಎರಡಕ್ಕೆ ಅರ್ಹತಾ ಪಂದ್ಯಾವಳಿ. 2017ರ ಡಿಸೆಂಬರ್, ಜೆಕ್ ಗಣರಾಜ್ಯದ ಪ್ಲಜೆನ್ ಎಂಬ ಊರು. ಒಮ್ಮೆ ವಿಶ್ವ ಚಾಂಪಿಯನ್ ಆದವರು, ಒಲಿಂಪಿಕ್ ಪದಕ ಕೊರಳಿಗೆ ಹಾಕಿಕೊಂಡವರು, ಮತ್ತೆ ಬಾಗಿಲ ಬಳಿ ಸಾಲಿನಲ್ಲಿ ನಿಂತು ಚೀಟಿ ಕೇಳಬೇಕಾದ ಸ್ಥಿತಿ. ಸೋತಿದ್ದರೆ ‘ಇವಳಿಗೆ ಬುದ್ಧಿ ಬೇಡವೇ, ಮರ್ಯಾದೆಯಿಂದ ಮನೆಯಲ್ಲಿರಬಾರದಿತ್ತೇ’ ಎನ್ನುವವರಿಗೆ ಕಡಿಮೆಯಿರಲಿಲ್ಲ. ಅಲ್ಲಿಂದ ಎರಡೇ ತಂಡ ಹೋಗಬಹುದಿತ್ತು. ಚೀನಾ ಮತ್ತು ಡೆನ್ಮಾರ್ಕ್ ಹೋದವು.

ಈಗ ಯಾರೂ ಗಮನಿಸದ ಒಂದು ಸಂಗತಿ. ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಎಂದು ಹೆಸರಾದರೂ ಕರ್ಲಿಂಗ್ ನಡೆದದ್ದು ಗಾಂಗ್‌ನುಂಗ್‌ನಲ್ಲಿ. ಒಲಿಂಪಿಕ್ಸ್‌ಗಾಗಿ ನವೀಕರಿಸಿದ ಹಳೆಯ ಒಳಾಂಗಣ ಮಂಜಿನ ಅಂಗಣ ಅದು. 2009ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅದೇ ಅಂಗಣದಲ್ಲಿ! ಇದು ತಲೆಗೆ ಹೊಳೆದ ದಿನ ನಾನು ಮೊದಲ ನೋಟುಪುಸ್ತಕ ಹುಡುಕಿ, ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದ ಊರಿನ ಹೆಸರನ್ನು ಎರಡು ಸಲ ಓದಿದೆ. ಒಂಬತ್ತು ವರ್ಷ ಬಿಟ್ಟು, ಹಿಂಬಾಗಿಲಿನಿಂದ, ತಾನು ಗೆದ್ದ ಮನೆಗೇ ಬಂದಿದ್ದರು ಆಕೆ.

ಏನಾಯಿತು? ಮತ್ತೆ ನಾಲ್ಕು ಗೆಲುವು, ಐದು ಸೋಲು. ಸೋಚಿಯಲ್ಲಿ ಏಳನೆಯ ಸ್ಥಾನ ಕೊಟ್ಟ ಅದೇ ಲೆಕ್ಕ ಇಲ್ಲಿ ಐದನೆಯ ಸ್ಥಾನ ಕೊಟ್ಟಿತು. (ತಮಾಷೆ ಎಂದರೆ 2022ರಲ್ಲಿ ಚೀನಾದ ಹೊಸ ಸ್ಕಿಪ್ ಹಾನ್ ಯು ಅವರ ತಂಡವೂ ನಾಲ್ಕು ಗೆದ್ದು ಐದು ಸೋತಿತು, ಮತ್ತೆ ಏಳನೆಯ ಸ್ಥಾನ. ಹೊಸನೋಟ ಅವರೇ, ನೀವು ಹಾಲು ಉಕ್ಕಿಸಿಕೊಂಡು ನೋಡಿದ್ದು ಅದನ್ನೇ ಇರಬೇಕು.) ಗಾಂಗ್‌ನುಂಗ್‌ನ ಆ ನಾಲ್ಕು ಗೆಲುವುಗಳಲ್ಲಿ ಒಂದು ಕೆನಡಾದ ರೇಚಲ್ ಹೋಮನ್ ತಂಡದ ಮೇಲೆ, 7-5. ಹೋಮನ್ ಆಗ ಹಾಲಿ ವಿಶ್ವ ಚಾಂಪಿಯನ್. ಹಿಂದಿನ ವರ್ಷ ಬೀಜಿಂಗ್‌ನಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದವರು. ಕೆನಡಾ ಕೂಡ ನಾಲ್ಕು ಗೆದ್ದು ಐದು ಸೋತು ಪದಕವಿಲ್ಲದೆ ಮರಳಿತು, ಆ ದೇಶದ ಒಲಿಂಪಿಕ್ ಮಹಿಳಾ ಕರ್ಲಿಂಗ್‌ನಲ್ಲಿ ಹಾಗಾದದ್ದು ಅದೇ ಮೊದಲು. ಅಂಕಪಟ್ಟಿ ಅವರ ಸೂತ್ರದ ಪ್ರಕಾರ ಹೋಮನ್ ಕಥೆಯೂ ಮುಗಿಯಬೇಕಿತ್ತಲ್ಲವೇ? ಅವರು ಮತ್ತೆ ವಿಶ್ವ ಚಾಂಪಿಯನ್ ಆದರು.

ಆ ಅಂಗಣದಲ್ಲೇ ಆ ವರ್ಷ ಬೆಳ್ಳಿ ಗೆದ್ದದ್ದು ಕೊರಿಯಾ, ಕಂಚು ಗೆದ್ದದ್ದು ಜಪಾನ್. ಇಬ್ಬರೂ ಏಷ್ಯಾದವರೇ. ಕೊರಿಯಾದ ದುಂಡು ಕನ್ನಡಕದ ಸ್ಕಿಪ್ ಕಿಮ್ ಉನ್-ಜಂಗ್ ಅವರನ್ನು ಜಗತ್ತೆಲ್ಲ ತಲೆಯ ಮೇಲೆ ಹೊತ್ತು ಮೆರೆಸಿತು. ಮೆರೆಸಲಿ, ಅರ್ಹರೇ. ಎಂಟು ವರ್ಷಗಳ ಹಿಂದೆ, ಏಷ್ಯಾದವರಿಗೆ ಈ ಆಟದಲ್ಲಿ ಒಲಿಂಪಿಕ್ ಪದಕ ಸಿಗಬಹುದೆಂದು ತೋರಿಸಿದವರು ಅದೇ ಅಂಗಣದ ಇನ್ನೊಂದು ಪಟ್ಟಿಯಲ್ಲಿ ಆಡುತ್ತಿದ್ದರು, ಕ್ಯಾಮೆರಾ ಆ ಕಡೆ ತಿರುಗುತ್ತಿರಲಿಲ್ಲ.

ಅಂಕಪಟ್ಟಿ:

ಅಂಗಣದ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಆದರೂ ಐದನೆಯ ಸ್ಥಾನ ಐದನೆಯ ಸ್ಥಾನವೇ.

ಕೊನೆಯಕಲ್ಲು:

ಅದನ್ನು ನಾಲ್ಕನೆಯದು ಎಂದು ನಾನೂ ಬರೆದಿಲ್ಲ.

ಲೀಡ್‌ಕಲ್ಲು:

ನೀವಿಬ್ಬರೂ ಸ್ಕಿಪ್ ಸ್ಕಿಪ್ ಎಂದು ಜಗಳವಾಡುತ್ತಾ ಝೌ ಯಾನ್ ಅವರನ್ನು ಬರೀ ಹೆಸರಿಗೆ ನಿಲ್ಲಿಸಿದ್ದೀರಿ. 2010ರಲ್ಲಿ ಆಕೆ ಲೀಡ್. ಅಂದರೆ ಮೊದಲ ಎರಡು ಕಲ್ಲು ಹಾಕಿ, ಉಳಿದ ಹೊತ್ತೆಲ್ಲ ಗುಡಿಸುತ್ತಾ ಓಡುವ ಕೆಲಸ. ಟಿವಿಯವರು ಜಾಹೀರಾತು ಮುಗಿಸಿ ಬರುವ ಹೊತ್ತಿಗೆ ಲೀಡ್‌ನ ಕಲ್ಲು ಎಷ್ಟೋ ಸಲ ಹೋಗಿಯೇ ಆಗಿರುತ್ತದೆ. 2018ರಲ್ಲಿ ಅದೇ ಝೌ ಯಾನ್ ಥರ್ಡ್ ಸ್ಥಾನದಲ್ಲಿ, ಅಂದರೆ ಸ್ಕಿಪ್‌ಗಿಂತ ಮೊದಲು ಕಲ್ಲು ಹಾಕುವವರಾಗಿ ಆಡಿದರು, ಸ್ಕಿಪ್ ಕಲ್ಲು ಹಾಕುವಾಗ ಆಚೆ ತುದಿಯಲ್ಲಿ ಬ್ರಷ್ ಹಿಡಿದು ನಿಂತವರು ಅವರೇ. ಲೀಡ್‌ನಿಂದ ಥರ್ಡ್‌ಗೆ ಬರುವುದೆಂದರೆ ಬರೀ ಬಡ್ತಿಯಲ್ಲ, ಬೇರೆಯೇ ಕಸುಬು. ಲೀಡ್ ಹಾಕುವುದು ಹೆಚ್ಚಾಗಿ ಖಾಲಿ ಮಂಜಿನ ಮೇಲೆ ನಿಧಾನದ ಕಲ್ಲು. ಥರ್ಡ್‌ನ ಸರದಿ ಬರುವ ಹೊತ್ತಿಗೆ ಮುಂದೆ ಎಂಟು ಕಲ್ಲುಗಳ ಗೊಂದಲ ಬಿದ್ದಿರುತ್ತದೆ, ಅದರ ಸಂದಿಯಲ್ಲಿ ತೂರಿಸಬೇಕು, ಇಲ್ಲವೇ ಒಂದೇ ಏಟಿಗೆ ಎರಡನ್ನು ಎಬ್ಬಿಸಬೇಕು.

ಇನ್ನೊಂದು: 2010ರಲ್ಲಿ ಮೀಸಲು ಬೆಂಚಿನಲ್ಲಿ ಕುಳಿತಿದ್ದ ಲಿಯು ಜಿನ್‌ಲಿ 2018ರಲ್ಲಿ ಸೆಕೆಂಡ್. ಅಂದರೆ ಪ್ಲಜೆನ್‌ನ ಸಾಲಿನಲ್ಲಿ ನಿಂತದ್ದು ಬಿಂಗ್‌ಯು ಒಬ್ಬರೇ ಅಲ್ಲ.

ಕೊನೆಯಕಲ್ಲು:

ಲೀಡ್‌ಕಲ್ಲು ಅವರೇ, ತಪ್ಪು ನನ್ನದೇ. ಝೌ ಯಾನ್ ಬಗ್ಗೆ ಬರೆಯಬೇಕಿತ್ತು. ನನ್ನ ಪುಸ್ತಕದಲ್ಲಿ ಲೀಡ್‌ಗೆ ಶಾಯಿಯ ಬಣ್ಣವೇ ಇಲ್ಲ. ಹಸಿರು ಪೆನ್ ತರುತ್ತೇನೆ.

ಹೊಸನೋಟ:

ಎಲ್ಲರಿಗೂ ಕೃತಜ್ಞತೆ. ನಾಲ್ಕು ಪದಕಗಳ ಸಾಲನ್ನು ಗೆಳತಿಗೆ ಓದಿಹೇಳಿದೆ. ‘ಹಾಗಿದ್ದರೆ ಅದೃಷ್ಟ ಎಂಬ ಮಾತು ಹಿಂದಕ್ಕೆ’ ಎಂದಳು. ‘ಪೂರ್ಣಾವಧಿ’ ಎಂಬುದನ್ನು ಇನ್ನೂ ಬಿಟ್ಟಿಲ್ಲ.

ಇನ್ನೆರಡು ಪ್ರಶ್ನೆ. ಒಂದು, ಅವರ ನಂತರ ಚೀನಾದ ಮಹಿಳಾ ತಂಡಕ್ಕೆ ಪದಕ ಬಂದೇ ಇಲ್ಲವೇ? ಎರಡು, ಕೆಲವು ಕಡೆ ‘ಬಿಂಗ್‌ಯು ವಾಂಗ್’ ಎಂದಿದೆ, ಕೆಲವು ಕಡೆ ‘ಬೆಟ್ಟಿ ವಾಂಗ್’ ಎಂದೂ ಇದೆ. ಯಾವುದು ಸರಿ?

ಅಂಕಪಟ್ಟಿ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಕ್ಸ್ ಮಟ್ಟದಲ್ಲಿ 2011ರ ನಂತರ ಬಹಳ ವರ್ಷ ಬರಲಿಲ್ಲ. 2025ರಲ್ಲಿ ಕೊರಿಯಾದ ಉಯಿಜಂಗ್‌ಬುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವಾಂಗ್ ರೂಯ್ ತಂಡ ಕಂಚು ಗೆದ್ದಿತು, 14 ವರ್ಷಗಳ ಅಂತರ. ಈ ವಾಂಗ್ ರೂಯ್ 2017ರ ಸಪ್ಪೊರೊ ಚಿನ್ನದ ತಂಡದಲ್ಲಿ ಬಿಂಗ್‌ಯು ಜೊತೆ ಆಡಿದ ಕಿರಿಯ ಹುಡುಗಿ. ಮೇಡಂ ಇದನ್ನು ಬರೆಯುವ ಮೊದಲೇ ನಾನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೂ ಒಂದು ಪ್ರವಚನ ಕೇಳಬೇಕಾಗುತ್ತದೆ.

ಜೊತೆಗೆ ಒಂದು ಮಾಹಿತಿ: ಒಲಿಂಪಿಕ್ಸ್‌ನಲ್ಲಿ ಸಿಗದ ಚಿನ್ನ ಚೀನಾಕ್ಕೆ ಪ್ಯಾರಾಲಿಂಪಿಕ್ಸ್‌ನ ಗಾಲಿಕುರ್ಚಿ ಕರ್ಲಿಂಗ್‌ನಲ್ಲಿ ಸಿಕ್ಕಿದೆ, 2018 ಮತ್ತು 2022 ಎರಡೂ ಸಲ. ಅಲ್ಲಿ ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ, ಗುಡಿಸುವುದು ಇಲ್ಲವೇ ಇಲ್ಲ. ಕೈ ಬಿಟ್ಟ ಮೇಲೆ ಕಲ್ಲನ್ನು ತಿದ್ದಲು ಯಾರಿಂದಲೂ ಆಗದು. 2018ರ ಫೈನಲ್ ಅದೇ ಗಾಂಗ್‌ನುಂಗ್ ಅಂಗಣದಲ್ಲಿ, ನಾರ್ವೆ ವಿರುದ್ಧ ಹೆಚ್ಚುವರಿ ಎಂಡ್‌ನಲ್ಲಿ 6-5.

ಕೊನೆಯಕಲ್ಲು:

ಪ್ರವಚನ ಉಳಿಸಿದ್ದಕ್ಕೆ ಧನ್ಯವಾದ. ಗಾಂಗ್‌ನುಂಗ್ ಅಂಗಣವನ್ನು ನೀವೇ ಎತ್ತಿದ್ದನ್ನು ಗಮನಿಸಿದೆ.

ಹೆಸರಿನ ಬಗ್ಗೆ: ವಾಂಗ್ ಎಂಬುದು ಮನೆತನದ ಹೆಸರು, ಚೀನಾದಲ್ಲಿ ಅದೇ ಮೊದಲು ಬರುತ್ತದೆ. ಬಿಂಗ್‌ಯು ಎಂಬುದು ಆಕೆಯ ಹೆಸರು. ತಿರುಗಿಸಿ ಬರೆದದ್ದು ಪಾಶ್ಚಾತ್ಯ ಅಭ್ಯಾಸ. ಬೆಟ್ಟಿ ಎಂಬುದು ವಿದೇಶದವರ ನಾಲಗೆಗೆ ಅನುಕೂಲವಾಗಲೆಂದು ಇಟ್ಟುಕೊಂಡ ಹೆಸರು, ನಾನು ಬಳಸುವುದಿಲ್ಲ, ಏಕೆಂದರೆ ನಿಜವಾದ ಹೆಸರು ಅಷ್ಟು ಸೊಗಸಾಗಿದೆ. ‘ಬಿಂಗ್’ ಎಂದರೆ ಮಂಜುಗಡ್ಡೆ, ‘ಯು’ ಎಂದರೆ ಪಚ್ಚೆಯಂಥ ಜೇಡ್ ಶಿಲೆ. ಚೀನೀ ಭಾಷೆಯಲ್ಲಿ ಈ ಆಟಕ್ಕೆ ‘ಬಿಂಗ್‌ಹೂ’ ಎನ್ನುತ್ತಾರೆ, ಮಂಜಿನ ಕೆಟಲ್. ಹಿಡಿಕೆಯಿರುವ ಕಲ್ಲನ್ನು ನೋಡಿ, ಕೆಟಲ್ಲಿನ ಹಾಗೆಯೇ ಇದೆ. ಆಟದ ಹೆಸರಿನ ಮೊದಲ ಅಕ್ಷರ ಮತ್ತು ಆಕೆಯ ಹೆಸರಿನ ಮೊದಲ ಅಕ್ಷರ ಎರಡೂ ಒಂದೇ. ಚೀನಾಕ್ಕೆ ಆಟ ಬರುವ ಮೊದಲೇ ಇಟ್ಟ ಹೆಸರದು.

ಹೊಸನೋಟ:

ನನ್ನ ಪಟ್ಟಿಯಲ್ಲಿ ಹೆಸರನ್ನು ಸರಿಯಾಗಿ ಬರೆದುಕೊಂಡೆ. ಪಕ್ಕದಲ್ಲಿ ‘ಗಾಂಗ್‌ನುಂಗ್, ಎರಡು ಸಲ’ ಎಂದೂ. ಮೇಡಂ, 2010ರ ಕಂಚಿನ ಪಂದ್ಯದ ಆ ಹೊಡೆದು ತಿದ್ದಿದ ಪುಟದ ಚಿತ್ರ ತೆಗೆದು ಇಲ್ಲಿ ಹಾಕಲು ಸಾಧ್ಯವೇ? ಪ್ರತಿ ಎಂಡ್‌ನ ಲೆಕ್ಕ ಹೇಗೆ ಬರೆಯುವುದೆಂದು ನಾನೂ ಕಲಿಯಬೇಕು.

ಕೊನೆಯಕಲ್ಲು:

ಹಾಕುತ್ತೇನೆ. ಮೂರನೆಯ ಸಾಲಿನಲ್ಲಿ ನೀಲಿಯ ಬದಲು ಕೆಂಪು ಇದೆ, ಅದು ತಪ್ಪು. ನೋಡಿ ಬರೆದುಕೊಳ್ಳುವಾಗ ತಿದ್ದಿಕೊಳ್ಳಿ.